ಕರಬೂಜ ಮೂರೇ ದಿನಕ್ಕೆ ಮೆತ್ತಗಾಗುತ್ತಿದೆ, ಕೊಯ್ಲಿಗೆ ಮುಂಚೆ ಏನು ಹೊಡೆಯಬೇಕು?

ಪ್ರಶ್ನೆ: ನಮ್ಮದು ಕುಶಾಲನಗರ ತಾಲ್ಲೂಕಿನ ಹೆಬ್ಬಾಲೆ ಕಡೆ. ಭತ್ತ ಕೊಯ್ದ ಮೇಲೆ ಒಂದು ಎಕರೆ ಗದ್ದೆಯಲ್ಲಿ ಜಾಲರಿ ಸಿಪ್ಪೆಯ ಕರಬೂಜ ಹಾಕುತ್ತೇವೆ. ಬೋರ್‌ವೆಲ್ ನೀರು, ಡ್ರಿಪ್, ಮಲ್ಚಿಂಗ್ ಶೀಟ್ ಎಲ್ಲ ಇದೆ. ಹೋದ ವರ್ಷ ಇಳುವರಿ ಚೆನ್ನಾಗಿತ್ತು. ಆದರೆ ಕಣ್ಣೂರಿನ ವ್ಯಾಪಾರಿಗೆ ಕಳಿಸಿದ ಹಣ್ಣು ಮೂರನೇ ದಿನಕ್ಕೆ ಮೆತ್ತಗಾಯಿತು. ಕೆಲವಕ್ಕೆ ತೊಟ್ಟಿನ ಹತ್ತಿರ ಬೂಜು ಬಂತು, ರುಚಿಯೂ ಸಪ್ಪೆ ಅಂದರು. ಕೊಯ್ಲಿನ ವಾರ ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ) ಬಂದಿತ್ತು. ಈ ಸಲ ಗೊಬ್ಬರದಂಗಡಿಯವರು ಕೊಯ್ಲಿಗೆ ನಾಲ್ಕೈದು ದಿನ ಮುಂಚೆ ಕ್ಯಾಲ್ಸಿಯಂ, 13:0:45 (ಪೊಟ್ಯಾಷ್ ಗೊಬ್ಬರ) ಮತ್ತು ಎಥ್ರೆಲ್ (ಹಣ್ಣು ಮಾಗಿಸುವ ಔಷಧಿ) ಹೊಡೆಯಿರಿ, ಹಣ್ಣು ಗಟ್ಟಿಯಾಗಿ, ಸಿಹಿಯಾಗಿ, ಒಂದೇ ಸಲ ಕೊಯ್ಲಿಗೆ ಬರುತ್ತದೆ ಎಂದಿದ್ದಾರೆ. ಹೊಡೆಯಬಹುದಾ?

ಉತ್ತರ: ಬೇಡ. ಆ ಮೂರರಲ್ಲಿ ಒಂದು ತಡವಾಯಿತು, ಒಂದು ಆ ಹೊತ್ತಿಗೆ ಸರಿಯಾದ ಗೊಬ್ಬರವಲ್ಲ, ಇನ್ನೊಂದು ನಿಮ್ಮ ತೊಂದರೆಯನ್ನು ಇನ್ನೂ ಜಾಸ್ತಿ ಮಾಡುತ್ತದೆ. ಕರಬೂಜ ಎಷ್ಟು ದಿನ ಬಾಳುತ್ತದೆ ಎನ್ನುವುದು ಬಹುಮಟ್ಟಿಗೆ ಹೂ ಕಚ್ಚಿದ ದಿನದಿಂದ ಕೊಯ್ಲಿಗೆ ಹತ್ತು ದಿನ ಇರುವವರೆಗಿನ ಅವಧಿಯಲ್ಲೇ ತೀರ್ಮಾನವಾಗಿರುತ್ತದೆ. ಕೊನೇ ನಾಲ್ಕೈದು ದಿನದಲ್ಲಿ ಡಬ್ಬಿಯಿಂದ ಸುರಿದು ಅದನ್ನು ಸರಿಮಾಡಲು ಆಗುವುದಿಲ್ಲ. ಆದರೆ ಮುಂಚೆಯೇ ಸರಿಯಾದ ಹೊತ್ತಿಗೆ ಮಾಡಿದ ಕೆಲಸಕ್ಕೆ ಖಂಡಿತ ಫಲ ಇದೆ. ಯಾವುದನ್ನು ಯಾವಾಗ ಮಾಡಬೇಕು, ಯಾಕೆ ಎಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಒಂದು ವಿಷಯ ಗೊತ್ತಿರಬೇಕು. ಬಾಳೆ, ಮಾವಿನ ಕಾಯಿಯಲ್ಲಿ ಪಿಷ್ಟ ತುಂಬಿರುತ್ತದೆ. ಕೊಯ್ದ ಮೇಲೆ ಅದೇ ಸಕ್ಕರೆಯಾಗಿ ಹಣ್ಣು ಸಿಹಿಯಾಗುತ್ತದೆ. ಕರಬೂಜದಲ್ಲಿ ಅಂಥ ದಾಸ್ತಾನು ಇಲ್ಲ. ತೊಟ್ಟು ಕಳಚಿದ ಕ್ಷಣದಲ್ಲಿ ಎಷ್ಟು ಸಕ್ಕರೆ ಇದೆಯೋ ಅಷ್ಟೇ. ಆಮೇಲೆ ಮೆತ್ತಗಾಗುತ್ತದೆ, ಬಣ್ಣ ತಿರುಗುತ್ತದೆ, ವಾಸನೆ ಬರುತ್ತದೆ, ಆದರೆ ಸಿಹಿ ಏರುವುದಿಲ್ಲ. ಆ ಸಕ್ಕರೆಯ ಬಹುಪಾಲು ಹಣ್ಣಿಗೆ ಇಳಿಯುವುದು ಕೊಯ್ಲಿಗೆ ಮುಂಚಿನ ಹತ್ತು ಹದಿನೈದು ದಿನಗಳಲ್ಲಿ. ಆ ದಿನಗಳಲ್ಲಿ ಬಳ್ಳಿಯ ಎಲೆ ಹಸಿರಾಗಿ, ಆರೋಗ್ಯವಾಗಿ ಇರಬೇಕು. ಎಲೆ ಹೋದರೆ ಸಿಹಿ ಹೋಯಿತು.

ಇನ್ನು ಎಥ್ರೆಲ್. ಅದರಲ್ಲಿರುವ ಎಥೆಫಾನ್ ಗಿಡದೊಳಗೆ ಹೋಗಿ ಎಥಿಲೀನ್ ಅನಿಲ ಬಿಡುತ್ತದೆ. ಹಣ್ಣು ಮಾಗಲು ಶುರುವಾದಾಗ ಕರಬೂಜ ತಾನೇ ಹೊರಬಿಡುವ ಅನಿಲವೂ ಇದೇ. ಇದರಿಂದ ತೊಟ್ಟಿನ ಬುಡದಲ್ಲಿ ಸೀಳು ಬೇಗ ಬೀಳುತ್ತದೆ, ಸಿಪ್ಪೆ ಬೇಗ ಹಳದಿಯಾಗುತ್ತದೆ, ತೋಟ ಪೂರ್ತಿ ಒಂದೇ ಸಲ ಹಣ್ಣಾದಂತೆ ಕಾಣುತ್ತದೆ. ಅಂಗಡಿಯವರು ಹೇಳಿದ್ದರಲ್ಲಿ ಅಷ್ಟು ನಿಜ. ಆದರೆ ತೊಟ್ಟು ಬೇಗ ಬಿಟ್ಟುಕೊಂಡರೆ ಸಕ್ಕರೆ ಇಳಿಯುವ ದಾರಿ ಮುಚ್ಚಿತು ಅಂತಲೇ ಅರ್ಥ ಅಲ್ವಾ? ನೋಡಲು ಹಣ್ಣು, ತಿಂದರೆ ಸಪ್ಪೆ. ಜೊತೆಗೆ ಮೆತ್ತಗಾಗುವ ಕೆಲಸವನ್ನು ಗದ್ದೆಯಲ್ಲೇ ಶುರುಮಾಡಿ ಲಾರಿ ಹತ್ತಿಸಿದಂತಾಗುತ್ತದೆ. ವಿರಾಜಪೇಟೆ ದಾಟಿ, ಮಾಕುಟ್ಟದ ಘಾಟಿ ಇಳಿದು, ಇರಿಟ್ಟಿ ಮೇಲೆ ಕಣ್ಣೂರು ಸೇರುವಷ್ಟರಲ್ಲಿ ಒಂದು ದಿನ ಹೋಗಿರುತ್ತದೆ. ಅಷ್ಟು ದೂರ ಕಳಿಸುವ ಹಣ್ಣಿಗೆ ಎಥ್ರೆಲ್ ಹೊಡೆಯಬಾರದು. ಸೌತೆ ಜಾತಿಯ ಬಳ್ಳಿಗಳಿಗೆ ಎರಡು ನಾಲ್ಕು ಎಲೆ ಇರುವಾಗ ಹೆಣ್ಣು ಹೂ ಜಾಸ್ತಿ ಬರಲೆಂದು ಇದನ್ನು ಬಹಳ ತೆಳುವಾಗಿ ಹೊಡೆಯುವುದುಂಟು. ಆ ಬಳಕೆ ಬೇರೆ, ಇದು ಬೇರೆ. ಯಾರಾದರೂ ಕಾರ್ಬೈಡ್ ಮಾತು ತೆಗೆದರೆ ಅಲ್ಲೇ ನಿಲ್ಲಿಸಿ. ಹಣ್ಣು ಮಾಗಿಸಲು ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದನ್ನು ನಮ್ಮ ಆಹಾರ ಸುರಕ್ಷತಾ ನಿಯಮ ನಿಷೇಧಿಸಿದೆ.

ಈಗ ಕ್ಯಾಲ್ಸಿಯಂ. ಇದು ಒಳ್ಳೆಯ ಸಲಹೆಯೇ, ಆದರೆ ಹೇಳಿದ ಹೊತ್ತು ತಪ್ಪು. ಹಣ್ಣಿನ ತಿರುಳು ಗಟ್ಟಿಯಾಗಿರುವುದು ಅದರ ಕೋಶಗಳ ಗೋಡೆಯಲ್ಲಿರುವ ಪೆಕ್ಟಿನ್‌ನಿಂದ. ಆ ಪೆಕ್ಟಿನ್ ಎಳೆಗಳನ್ನು ಹಿಡಿದು ಕಟ್ಟುವುದು ಕ್ಯಾಲ್ಸಿಯಂ. ಕೋಶದ ಒಳಪೊರೆ ಸೋರದಂತೆ ಕಾಯುವುದೂ ಅದೇ. ಕ್ಯಾಲ್ಸಿಯಂ ಸಾಕಷ್ಟಿದ್ದರೆ ಹಣ್ಣು ನಿಧಾನವಾಗಿ ಮೆತ್ತಗಾಗುತ್ತದೆ, ಬೂಜಿಗೂ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಕಡಿಮೆಯಾದರೆ ತಿರುಳು ಗಾಜಿನ ಹಾಗೆ, ನೀರುಗಟ್ಟಿದ ಹಾಗೆ ಆಗುತ್ತದೆ. ಕತ್ತರಿಸಿದಾಗ ಬೀಜದ ಸುತ್ತ ಅಂಥ ಪಾರದರ್ಶಕ ಭಾಗ ಕಂಡಿದ್ದರೆ ಇದನ್ನು ನೆನಪಿಡಿ.

ತೊಡಕು ಏನೆಂದರೆ, ಕ್ಯಾಲ್ಸಿಯಂ ಬೇರಿನಿಂದ ನೀರಿನ ಜೊತೆ ಮಾತ್ರ ಮೇಲೆ ಹೋಗುತ್ತದೆ. ಎಲ್ಲಿ ನೀರು ಆವಿಯಾಗುತ್ತದೋ ಅಲ್ಲಿಗೆ ಹೋಗುತ್ತದೆ. ಎಲೆಯಿಂದ ಬಹಳ ನೀರು ಆವಿಯಾಗುತ್ತದೆ, ಹಣ್ಣಿನಿಂದ ತೀರಾ ಕಡಿಮೆ. ಒಮ್ಮೆ ಎಲೆಗೆ ಸೇರಿದ ಕ್ಯಾಲ್ಸಿಯಂ ಮತ್ತೆ ಹಣ್ಣಿಗೆ ಇಳಿದು ಬರುವುದಿಲ್ಲ. ಎಳೆಗಾಯಿಯ ಸಿಪ್ಪೆ ಮೃದುವಾಗಿ, ರೋಮ ಇರುವಾಗ ಸ್ವಲ್ಪವಾದರೂ ಒಳಗೆ ಹೋಗುತ್ತದೆ. ಜಾಲರಿ ಕಟ್ಟಿ ಸಿಪ್ಪೆ ಬಿರುಸಾದ ಮೇಲೆ ಹೊರಗಿನಿಂದ ಹೊಡೆದಿದ್ದು ಹೆಚ್ಚುಕಡಿಮೆ ಹೊರಗೇ ಉಳಿಯುತ್ತದೆ. ಟೆಕ್ಸಾಸಿನ ದಕ್ಷಿಣ ಭಾಗದಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಹೊಲದಲ್ಲೇ ಇದನ್ನು ಪರೀಕ್ಷಿಸಿದ್ದರು. ನುಣುಪು ಸಿಪ್ಪೆಯ ಹನಿಡ್ಯೂ ಜಾತಿಗೆ ಹಲವು ಸಲ ಕ್ಯಾಲ್ಸಿಯಂ ಸಿಂಪಡಿಸಿದಾಗ ಗಟ್ಟಿತನ ಹೆಚ್ಚಾಯಿತು, ಇಟ್ಟ ಮೇಲೂ ಚೆನ್ನಾಗಿ ಬಾಳಿತು. ಅದೇ ಸಿಂಪಡಣೆ ಜಾಲರಿ ಸಿಪ್ಪೆಯ ಕರಬೂಜಕ್ಕೆ ಅಂಥ ಲಾಭ ಕೊಡಲಿಲ್ಲ. ನೀವು ಬೆಳೆಯುವುದು ಜಾಲರಿ ಜಾತಿ. ಹಾಗಾಗಿ ನಿಮಗೆ ಮಣ್ಣಿನ ಕ್ಯಾಲ್ಸಿಯಂ ಮುಖ್ಯ, ಸಿಂಪಡಣೆ ಅದಕ್ಕೆ ಒತ್ತಾಸೆ ಅಷ್ಟೇ.

ಕೊಡಗಿನ ಮಣ್ಣಿನ ವಿಷಯಕ್ಕೆ ಬರೋಣ. ಭಾಗಮಂಡಲದ ಮಳೆಗೆ ಹೋಲಿಸಿದರೆ ಹೆಬ್ಬಾಲೆ, ಶಿರಂಗಾಲ ಒಣ ಪ್ರದೇಶವೇ. ಆದರೂ ನಮ್ಮ ಜಿಲ್ಲೆಯ ಬಹುತೇಕ ಮಣ್ಣು ಹುಳಿ. ಮಳೆಗೆ ಸುಣ್ಣದ ಅಂಶ ತೊಳೆದು ಹೋಗಿರುತ್ತದೆ. ಕಾಫಿ ಬೆಳೆಗಾರರು ತೋಟಕ್ಕೆ ಸುಣ್ಣ ಹಾಕುವುದು ಅದಕ್ಕೇ. ಗದ್ದೆಗೆ ಮಾತ್ರ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ, ಯಾಕೆಂದರೆ ಭತ್ತ ಹುಳಿ ಮಣ್ಣನ್ನು ಸಹಿಸಿಕೊಳ್ಳುತ್ತದೆ. ಕರಬೂಜ ಸಹಿಸುವುದಿಲ್ಲ. ಅದಕ್ಕೆ ಪಿಎಚ್ 6ರಿಂದ 6.8ರವರೆಗೆ ಇದ್ದರೆ ಚೆನ್ನ. 5.5ಕ್ಕಿಂತ ಕೆಳಗೆ ಹೋದರೆ ಮ್ಯಾಂಗನೀಸ್ ವಿಷವಾಗುವಷ್ಟು ಕರಗಿ ಬರುತ್ತದೆ. ಎಲೆಯಲ್ಲಿ ಸಣ್ಣ ಸಣ್ಣ ಹಳದಿ ಚುಕ್ಕೆ ಬಿದ್ದು, ಬುಡದ ಎಲೆಗಳು ಒಣಗುತ್ತವೆ. ಇದನ್ನು ರೋಗ ಎಂದುಕೊಂಡು ಔಷಧಿ ಹೊಡೆದವರು ಬೇಕಾದಷ್ಟು ಜನ ಇದ್ದಾರೆ. ನೀರು ನಿಲ್ಲಿಸಿದ ಗದ್ದೆಯಲ್ಲಿ ಮ್ಯಾಂಗನೀಸ್ ಇನ್ನೂ ಸುಲಭವಾಗಿ ಕರಗುತ್ತದೆ ಎನ್ನುವುದನ್ನೂ ಮರೆಯಬೇಡಿ.

ಆದ್ದರಿಂದ ಮೊದಲ ಕೆಲಸ ಮಣ್ಣು ಪರೀಕ್ಷೆ. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಭತ್ತ ಕೊಯ್ದ ಕೂಡಲೇ, ನಾಟಿಗೆ ಒಂದು ತಿಂಗಳಾದರೂ ಮುಂಚೆ, ವರದಿಯಲ್ಲಿ ಹೇಳಿದಷ್ಟು ಕೃಷಿ ಸುಣ್ಣ ಅಥವಾ ಡೋಲೋಮೈಟ್ ಹಾಕಿ ಮಣ್ಣಿಗೆ ಸೇರಿಸಿ. ಡೋಲೋಮೈಟಿನಲ್ಲಿ ಮೆಗ್ನೀಸಿಯಂ ಕೂಡ ಸಿಗುತ್ತದೆ. ಎಲೆ ಹಸಿರಾಗಿ ಉಳಿಯಲು ಅದು ಬೇಕು. ಪಿಎಚ್ ಸರಿಯಿದ್ದು ಕ್ಯಾಲ್ಸಿಯಂ ಮಾತ್ರ ಕಡಿಮೆ ಇದ್ದರೆ ಜಿಪ್ಸಂ ಸಾಕು. ಅದು ಹುಳಿಯನ್ನು ಬದಲಿಸುವುದಿಲ್ಲ.

ಸಿಂಪಡಣೆ ಮಾಡುವುದೇ ಆದರೆ ಕಾಯಿ ನಿಂಬೆ ಗಾತ್ರಕ್ಕೆ ಬಂದಾಗ ಶುರುಮಾಡಿ. ಲೀಟರಿಗೆ 5 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್, ವಾರ ಹತ್ತು ದಿನದ ಅಂತರದಲ್ಲಿ ಮೂರು ಸಲ. ಕಾಯಿಯ ಮೈ ನೆನೆಯುವಂತೆ ಹೊಡೆಯಬೇಕು, ಸುಮ್ನೆ ಎಲೆಯ ಮೇಲೆ ಮಂಜು ಹಾರಿಸಿದರೆ ಉಪಯೋಗವಿಲ್ಲ. ಸಂಜೆ ಹೊಡೆಯಿರಿ. ನಿಧಾನ ಆರಿದರೆ ಹೀರಿಕೆ ಜಾಸ್ತಿ, ಜೇನಿಗೂ ತೊಂದರೆ ಇಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ಅಗ್ಗ, ಆದರೆ ಬಿಸಿಲಿನಲ್ಲಿ ಎಲೆ ಸುಡುತ್ತದೆ. ಜಾಲರಿ ಪೂರ್ತಿ ಕಟ್ಟಿದ ಮೇಲೆ ಕ್ಯಾಲ್ಸಿಯಂಗೆ ದುಡ್ಡು ಹಾಕಬೇಡಿ.

ಇದರ ಜೊತೆ ಬೋರಾನ್. ಮಳೆಗೆ ತೊಳೆದು ಹೋಗುವುದರಲ್ಲಿ ಇದು ಮುಂದೆ. ಪರಾಗ ಕಟ್ಟಲು, ಕಾಯಿ ಸೀಳದೆ ಇರಲು ಇದು ಬೇಕು. ಹೂ ಬರುವ ಮುಂಚೆ ಒಂದು ಸಲ, ಕಾಯಿ ಕಚ್ಚಿದ ಮೇಲೆ ಒಂದು ಸಲ, ಲೀಟರಿಗೆ 1 ಗ್ರಾಂ ಬೋರಿಕ್ ಆಮ್ಲ ಸಾಕು. ಇದಕ್ಕಿಂತ ಜಾಸ್ತಿ ಬೇಡ. ಬೋರಾನಿನಲ್ಲಿ ಸಾಕು ಮತ್ತು ವಿಷದ ನಡುವಿನ ಅಂತರ ತುಂಬ ಕಡಿಮೆ.

ಪೊಟ್ಯಾಷ್ ಬಗ್ಗೆ ನಿಮ್ಮ ಅಂಗಡಿಯವರ ಯೋಚನೆ ಅರ್ಧ ಸರಿ. ಎಲೆಯಲ್ಲಿ ಆದ ಸಕ್ಕರೆಯನ್ನು ಹಣ್ಣಿಗೆ ಸಾಗಿಸಲು ಪೊಟ್ಯಾಷ್ ಬೇಕೇ ಬೇಕು. ಹಣ್ಣು ದಪ್ಪವಾಗುವ ಹೊತ್ತಿಗೆ ಬಳ್ಳಿ ತನ್ನ ಸಕ್ಕರೆಯನ್ನೆಲ್ಲ ಹಣ್ಣಿಗೆ ಕಳಿಸುತ್ತದೆ, ಬೇರಿಗೆ ಊಟ ಕಡಿಮೆಯಾಗುತ್ತದೆ. ಮಣ್ಣಿನಲ್ಲಿ ಪೊಟ್ಯಾಷ್ ಇದ್ದರೂ ಬೇರು ಎಳೆದುಕೊಳ್ಳುವುದಿಲ್ಲ. ಆಗ ಎಲೆಯ ಮೂಲಕ ಕೊಟ್ಟರೆ ಫಲ ಸಿಗುತ್ತದೆ. ಟೆಕ್ಸಾಸಿನ ಅದೇ ಭಾಗದಲ್ಲಿ ಕಾಯಿ ಕಚ್ಚಿದಾಗಿನಿಂದ ಮಾಗುವವರೆಗೆ ವಾರ ವಾರ ಪೊಟ್ಯಾಷ್ ಸಿಂಪಡಿಸಿ ನೋಡಿದಾಗ ಸಿಹಿ, ಗಟ್ಟಿತನ, ವಿಟಮಿನ್ ಸಿ, ತಿರುಳಿನ ಕಿತ್ತಳೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್ ಎಲ್ಲವೂ ಹೆಚ್ಚಾದವು. ಆದರೆ ಬೇರೆ ಬೇರೆ ರೂಪದ ಪೊಟ್ಯಾಷ್ ಹೋಲಿಸಿದಾಗ ಹಿಂದೆ ಬಿದ್ದಿದ್ದು ಪೊಟ್ಯಾಸಿಯಂ ನೈಟ್ರೇಟ್, ಅಂದರೆ ಇದೇ 13:0:45. ಕಾರಣ ಅದರಲ್ಲಿರುವ ಸಾರಜನಕ. ಹಣ್ಣು ಮಾಗುವ ಹೊತ್ತಿಗೆ ಸಾರಜನಕ ಸಿಕ್ಕರೆ ಬಳ್ಳಿ ಮತ್ತೆ ಕುಡಿ ಒಡೆಯುತ್ತದೆ. ಹಣ್ಣಿಗೆ ಹೋಗಬೇಕಾದ ಸಕ್ಕರೆ ಹೊಸ ಕುಡಿಗೆ ಹೋಗುತ್ತದೆ.

ಹಾಗಾಗಿ 13:0:45 ಅನ್ನು ಕಾಯಿ ಸಣ್ಣದಿರುವಾಗಲೇ ಮುಗಿಸಿ. ಕಾಯಿ ಅರ್ಧ ಗಾತ್ರ ದಾಟಿದ ಮೇಲೆ 0:0:50, ಅಂದರೆ ಸಾರಜನಕ ಇಲ್ಲದ ಪೊಟ್ಯಾಸಿಯಂ ಸಲ್ಫೇಟ್ ಬಳಸಿ. ಲೀಟರಿಗೆ 5 ಗ್ರಾಂನಂತೆ ವಾರಕ್ಕೊಂದು ಸಲ ಬೆಳಗ್ಗೆ ಬೇಗ ಅಥವಾ ಸಂಜೆ, ಒಟ್ಟು ಮೂರು ಸಲ ಸಾಕು. ಕೊನೆಯದು ಕೊಯ್ಲಿಗೆ ಒಂದು ವಾರ ಮುಂಚೆ ಇರಲಿ. ಇದನ್ನು ಕ್ಯಾಲ್ಸಿಯಂ ನೈಟ್ರೇಟ್ ಜೊತೆ ಒಂದೇ ಟ್ಯಾಂಕಿಗೆ ಹಾಕಬೇಡಿ. ಎರಡೂ ಸೇರಿದರೆ ಜಿಪ್ಸಂ ಆಗಿ ತಳಕ್ಕೆ ಕೂರುತ್ತದೆ, ಡ್ರಿಪ್ಪಿನ ತೂತು ಕಟ್ಟುತ್ತದೆ. ಇನ್ನೊಂದು ಎಚ್ಚರಿಕೆ, ಪೊಟ್ಯಾಷ್ ಒಳ್ಳೆಯದು ಎಂದು ಡ್ರಿಪ್ಪಿನಲ್ಲಿ ಸುರಿದರೆ ಅದು ಬೇರಿನ ಬಳಿ ಕ್ಯಾಲ್ಸಿಯಂ ಜೊತೆ ಪೈಪೋಟಿಗೆ ಇಳಿಯುತ್ತದೆ. ಸಿಹಿ ಬಂತು, ಗಟ್ಟಿತನ ಹೋಯಿತು ಎನ್ನುವ ಹಾಗಾಗುತ್ತದೆ.

ಯೂರಿಯಾ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಕಾಯಿ ಕಚ್ಚಿದ ಮೇಲೆ ಯೂರಿಯಾ ಮುಟ್ಟಬೇಡಿ. ಮೆತ್ತಗಿನ ಹಣ್ಣು, ತಡವಾದ ಮಾಗುವಿಕೆ, ಜಾಸ್ತಿ ಕೊಳೆ, ಮೂರಕ್ಕೂ ಅದು ದಾರಿ. ನಿಮ್ಮ ಇಳುವರಿ ಚೆನ್ನಾಗಿತ್ತು ಎಂದಿದ್ದೀರಿ. ಹಣ್ಣು ದೊಡ್ಡದಾಗಿ, ಒಳಗೆ ಸಪ್ಪೆ ಇದ್ದರೆ ನನಗೆ ಮೊದಲು ಅನುಮಾನ ಬರುವುದು ಸಾರಜನಕ ಮತ್ತು ನೀರಿನ ಮೇಲೆ.

ನೀರಿನ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಈ ಇಡೀ ಪತ್ರದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ನೀರಿನ ಮಾತನ್ನೇ ಇಟ್ಟುಕೊಳ್ಳಿ. ಹೂ ಬಿಡುವಾಗಿನಿಂದ ಜಾಲರಿ ಕಟ್ಟುವವರೆಗೆ ನೀರು ಸಮವಾಗಿ ಬೇಕು. ಒಂದು ದಿನ ಕೆಸರು, ಮೂರು ದಿನ ಬಿರುಕು ಎಂಬಂತೆ ಆದರೆ ಕ್ಯಾಲ್ಸಿಯಂ ಹಣ್ಣಿಗೆ ತಲುಪುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಕೊಡುವುದು ಎರಡು ದಿನಕ್ಕೊಮ್ಮೆ ಜಾಸ್ತಿ ಕೊಡುವುದಕ್ಕಿಂತ ಎಷ್ಟೋ ಮೇಲು. ಕೊಯ್ಲಿಗೆ ಹತ್ತು ದಿನ ಇದೆ ಎನ್ನುವಾಗ ನಿಧಾನವಾಗಿ ಇಳಿಸುತ್ತಾ ಬನ್ನಿ. ಕೊನೇ ವಾರ ಮೊದಲಿನ ಅರ್ಧದಷ್ಟು ಸಾಕು. ಸಕ್ಕರೆಯ ಸಾಂದ್ರತೆ ಏರುತ್ತದೆ, ತಿರುಳು ಬಿಗಿಯಾಗುತ್ತದೆ.

ಆದರೆ ಪೂರ್ತಿ ನಿಲ್ಲಿಸಬೇಡಿ. ಕೆಲವರು ಹತ್ತು ದಿನ ಡ್ರಿಪ್ ಬಂದ್ ಮಾಡುತ್ತಾರೆ. ಮಧ್ಯಾಹ್ನ ಬಳ್ಳಿ ಬಾಡುತ್ತದೆ, ಎಲೆ ಸಕ್ಕರೆ ಮಾಡುವುದನ್ನೇ ನಿಲ್ಲಿಸುತ್ತದೆ, ಹಣ್ಣಿನ ಮೇಲೆ ಬಿಸಿಲು ಬಿದ್ದು ಸಿಪ್ಪೆ ಬೇಯುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಎಲೆ ಸ್ವಲ್ಪ ಜೋತು, ಸಂಜೆ ಐದಕ್ಕೆ ಮತ್ತೆ ಎದ್ದು ನಿಂತರೆ ನೀರು ಸರಿಯಾಗಿದೆ. ಬೆಳಗ್ಗೆಯೇ ಜೋತಿದ್ದರೆ ಕಡಿಮೆಯಾಗಿದೆ.

ಇನ್ನು ಹೂ ಮಳೆ. ಫೆಬ್ರವರಿ ಮಾರ್ಚಿನಲ್ಲಿ ಇಡೀ ಕೊಡಗು ಆಕಾಶ ನೋಡುತ್ತಾ ಕಾಯುವ ಮಳೆ ಅದು. ಪಕ್ಕದ ತೋಟದವರು ಸಿಹಿ ಹಂಚುವ ದಿನವೇ ನಿಮ್ಮ ಹಣ್ಣಿಗೆ ಕಷ್ಟ ಶುರುವಾಗುತ್ತದೆ. ನೀರು ಇಳಿಸಿ ಒಣಗಿಸಿದ ಸಾಲಿಗೆ ಒಮ್ಮೆಲೇ ಒಂದು ಇಂಚು ಮಳೆ ಬಿದ್ದರೆ ಬೇರು ಗಟಗಟನೆ ನೀರು ಕುಡಿಯುತ್ತದೆ. ಒಳಗಿನ ತಿರುಳು ಉಬ್ಬುತ್ತದೆ, ಸಿಪ್ಪೆ ಹಿಗ್ಗುವ ವಯಸ್ಸು ದಾಟಿರುತ್ತದೆ. ಕೆಲವು ಸೀಳುತ್ತವೆ. ಸೀಳದೆ ಉಳಿದವುಗಳಲ್ಲಿ ಸಕ್ಕರೆ ನೀರಾಗುತ್ತದೆ. ಜಾಲರಿಯ ಸಂದಿಯಲ್ಲಿ, ತೊಟ್ಟಿನ ಗುಳಿಯಲ್ಲಿ ತೇವ ನಿಂತು ಬೂಜು ಮೊಳೆಯುತ್ತದೆ. ಹೋದ ವರ್ಷ ನಿಮ್ಮ ಹಣ್ಣಿಗೆ ಆಗಿದ್ದು ಬಹುಶಃ ಇದೇ.

ಮಳೆ ತಡೆಯಲು ಆಗುವುದಿಲ್ಲ, ತಯಾರಿ ಮಾಡಿಕೊಳ್ಳಬಹುದು. ಗದ್ದೆ ತಗ್ಗಿನ ಜಾಗ, ನೀರು ನಿಲ್ಲುತ್ತದೆ. ಏರುಮಡಿ ಒಂದು ಅಡಿಯಷ್ಟಾದರೂ ಎತ್ತರ ಇರಲಿ. ಬದು ಕಡಿದು ನೀರು ಹೊರಗೆ ಹೋಗುವ ಕಾಲುವೆಯನ್ನು ನಾಟಿಗೆ ಮುಂಚೆಯೇ ತೆಗೆಯಿರಿ. ಮಲ್ಚಿಂಗ್ ಶೀಟ್ ಇರುವುದು ಇಲ್ಲಿ ದೊಡ್ಡ ಉಪಕಾರ. ಮಳೆ ನೀರಿನ ಬಹುಪಾಲು ಶೀಟಿನ ಮೇಲಿಂದ ಜಾರಿ ಕಾಲುವೆಗೆ ಹೋಗುತ್ತದೆ, ಹಣ್ಣು ಮಣ್ಣಿಗೆ ತಾಗುವುದಿಲ್ಲ. ಶೀಟಿನಿಂದ ಆಚೆ ಉರುಳಿದ ಹಣ್ಣಿನ ಕೆಳಗೆ ಒಂದು ಹಿಡಿ ಒಣ ಹುಲ್ಲು ಇಡಿ. ಭತ್ತದ ಹುಲ್ಲು ಮನೆಯಲ್ಲೇ ಇರುತ್ತದಲ್ಲ. ಮಳೆಯ ಮುನ್ಸೂಚನೆ ಬಂದಾಗ ಕೊಯ್ಲಿಗೆ ಬಂದಷ್ಟನ್ನು ಮುಂಚೆಯೇ ಕೊಯ್ದುಬಿಡಿ. ಮಳೆ ಬಿದ್ದ ಮೇಲೆ ಮೂರು ನಾಲ್ಕು ದಿನ ಬಿಸಿಲು ಕೊಟ್ಟು ಆಮೇಲೆ ಕೊಯ್ಯಿರಿ, ಸಿಹಿ ಸ್ವಲ್ಪ ಮಟ್ಟಿಗೆ ವಾಪಸ್ ಬರುತ್ತದೆ. ಒದ್ದೆ ಹಣ್ಣನ್ನು ಎಷ್ಟೇ ಅವಸರ ಇದ್ದರೂ ಕ್ರೇಟಿಗೆ ತುಂಬಬೇಡಿ.

ಹೂ ಮಳೆಯ ಇನ್ನೊಂದು ಪರಿಣಾಮವೂ ಇದೆ. ಮಳೆಯಾಗಿ ಹತ್ತು ದಿನಕ್ಕೆ ಕಾಫಿ ಅರಳುತ್ತದೆ. ಆ ನಾಲ್ಕೈದು ದಿನ ಜೇನುಗಳಿಗೆ ಕಾಫಿ ತೋಟವೇ ಹಬ್ಬ, ನಿಮ್ಮ ಹಳದಿ ಹೂವಿನ ಕಡೆ ಬರುವುದು ಕಡಿಮೆ. ಕರಬೂಜದ ಹೂ ಒಂದೇ ದಿನ ಅರಳಿರುತ್ತದೆ. ಅಷ್ಟರೊಳಗೆ ಜೇನು ಹತ್ತಾರು ಸಲ ಬಂದು ಹೋದರೇ ಬೀಜ ತುಂಬಿ, ಕಾಯಿ ಗುಂಡಾಗಿ, ತಿರುಳು ದಪ್ಪವಾಗಿ ಬೆಳೆಯುತ್ತದೆ. ಆದ್ದರಿಂದ ಜನವರಿ ಕೊನೆಯೊಳಗೆ ಹೂ ಕಚ್ಚುವಂತೆ ಡಿಸೆಂಬರಿನಲ್ಲೇ ಟ್ರೇ ಸಸಿ ನಾಟಿ ಮಾಡಲು ಆದರೆ ಎರಡು ಲಾಭ. ಕಾಫಿ ಹೂವಿಗೆ ಮುಂಚೆ ಪರಾಗ ಸಿಗುತ್ತದೆ, ಕೊಯ್ಲು ಕೂಡ ದೊಡ್ಡ ಮಳೆಗೆ ಮುಂಚೆ ಮುಗಿಯುವ ಸಾಧ್ಯತೆ ಇದೆ. ಚಳಿಯಲ್ಲಿ ಸಸಿ ನಿಧಾನ ಬೆಳೆಯುತ್ತದೆ, ಅಷ್ಟು ಒಪ್ಪಿಕೊಳ್ಳಬೇಕು. ಗದ್ದೆಯ ಬದುವಿನಲ್ಲಿ ಒಂದೆರಡು ತುಡುವೆ ಜೇನಿನ ಪೆಟ್ಟಿಗೆ ಇಟ್ಟರೆ ಇನ್ನೂ ಚೆನ್ನ.

ಬಳ್ಳಿಗೆ ಎಷ್ಟು ಹಣ್ಣು ಬಿಡುತ್ತೀರಿ? ಇದನ್ನು ನೀವು ಬರೆದಿಲ್ಲ. ಎರಡು, ಹೆಚ್ಚೆಂದರೆ ಮೂರು. ಉಳಿದ ಪೀಚನ್ನು ಕೋಳಿ ಮೊಟ್ಟೆಯಷ್ಟಿರುವಾಗಲೇ ಕಿತ್ತುಬಿಡಿ. ಕೈಯಾರೆ ಕಾಯಿ ಕೀಳಲು ಮನಸ್ಸು ಬರುವುದಿಲ್ಲ ಎನ್ನುವುದು ನನಗೆ ಗೊತ್ತು. ಆದರೆ ಸಿಹಿ ಹೆಚ್ಚಿಸಲು ಇದಕ್ಕಿಂತ ಅಗ್ಗದ, ಖಚಿತವಾದ ಉಪಾಯ ನನ್ನ ಬಳಿ ಇಲ್ಲ. ಇರುವ ಎಲೆ ಅಷ್ಟೇ, ಹಂಚಿಕೊಳ್ಳುವ ಬಾಯಿ ಕಡಿಮೆಯಾಗುತ್ತದೆ.

ತೊಟ್ಟಿನ ಬಳಿ ಬಂದ ಬೂಜಿನ ವಿಚಾರ. ಅದು ಲಾರಿಯಲ್ಲಿ ಹತ್ತಿದ್ದು ಎಂದುಕೊಂಡಿರಬಹುದು, ಹಾಗಲ್ಲ. ಫ್ಯುಸೇರಿಯಂ, ಆಲ್ಟರ್ನೇರಿಯಾ ಜಾತಿಯ ಶಿಲೀಂಧ್ರಗಳು ಹೂ ಬಿಡುವಾಗ, ಎಳೆಗಾಯಿ ಇರುವಾಗ, ಜಾಲರಿ ಬಿರಿಯುವಾಗಲೇ ಒಳಸೇರಿ ಸುಮ್ಮನೆ ಕೂತಿರುತ್ತವೆ. ಹಣ್ಣು ಮಾಗಿ ಮೆತ್ತಗಾದಾಗ ಏಳುತ್ತವೆ. ಹಾಗಾಗಿ ಶಿಲೀಂಧ್ರನಾಶಕ ಹೊಡೆಯುವುದಾದರೆ ಹೂ ಮತ್ತು ಎಳೆಗಾಯಿ ಹಂತದಲ್ಲೇ. ಕೊಯ್ಲಿನ ಹಿಂದಿನ ದಿನ ಹೊಡೆದರೆ ಒಳಗೆ ಕೂತಿದ್ದಕ್ಕೆ ಏನೂ ಆಗುವುದಿಲ್ಲ, ತಿನ್ನುವವರ ಹೊಟ್ಟೆಗೆ ಮಾತ್ರ ವಿಷ ಹೋಗುತ್ತದೆ. ಪ್ರತಿ ಔಷಧಿಯ ಲೇಬಲ್ಲಿನಲ್ಲಿ ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಎಂದು ಬರೆದಿರುತ್ತದೆ, ಅದನ್ನು ದಯವಿಟ್ಟು ಪಾಲಿಸಿ. ಬೂದಿ ರೋಗ, ಡೌನಿ ಬೂಜು ರೋಗ ಬಂದರೆ ಎಲೆ ಉಳಿಸಿಕೊಳ್ಳಲು ಬೇಗ ಕ್ರಮ ತೆಗೆದುಕೊಳ್ಳಿ. ಗಂಧಕದ ಪುಡಿ ಬೂದಿಗೆ ಕೆಲಸ ಮಾಡುತ್ತದೆ, ಆದರೆ ಬಿಸಿಲು ಜಾಸ್ತಿ ಇದ್ದಾಗ ಕರಬೂಜದ ಎಲೆಯನ್ನು ಸುಡುತ್ತದೆ. ಹಣ್ಣಿನ ನೊಣ ಚುಚ್ಚಿದ ತೂತಿನಿಂದಲೂ ಕೊಳೆ ಶುರುವಾಗುತ್ತದೆ. ಹೂ ಬರುವಾಗಲೇ ಗಂಡು ನೊಣವನ್ನು ಸೆಳೆದು ಹಿಡಿಯುವ ಕ್ಯೂಲ್ಯೂರ್ ಬಲೆ ತೂಗುಹಾಕಿ, ಚುಚ್ಚಿದ ಕಾಯಿಯನ್ನು ಗದ್ದೆಯಲ್ಲಿ ಬಿಡದೆ ಹೂಳಿ.

ಸಿಂಪಡಣೆಯ ನೀರು ಶುದ್ಧವಾಗಿರಲಿ, ಬೋರ್‌ವೆಲ್ಲಿನದ್ದೇ ಬಳಸಿ. ಹಳ್ಳದ ನೀರು, ಕೊಟ್ಟಿಗೆಯ ಪಕ್ಕದ ಹೊಂಡದ ನೀರು ಬೇಡ. ಜಾಲರಿ ಸಿಪ್ಪೆಯ ಸಂದಿಯಲ್ಲಿ ರೋಗಾಣು ಕೂತರೆ ತೊಳೆದರೂ ಹೋಗುವುದಿಲ್ಲ, ಚಾಕು ಇಟ್ಟಾಗ ತಿರುಳಿಗೆ ಇಳಿಯುತ್ತದೆ. 2011ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಒಂದು ತೋಟದ ಕರಬೂಜದಿಂದ ಲಿಸ್ಟೀರಿಯಾ ಸೋಂಕು ಹರಡಿ 30ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ದೋಷ ಕಂಡಿದ್ದು ಹಣ್ಣು ತೊಳೆದು ತುಂಬುವ ಜಾಗದಲ್ಲಿ. ಆದರೂ ಈ ಸಿಪ್ಪೆ ಎಷ್ಟು ಸುಲಭವಾಗಿ ರೋಗಾಣು ಹೊರುತ್ತದೆ ಎನ್ನುವುದಕ್ಕೆ ಅದು ಸಾಕ್ಷಿ.

ಹಣ್ಣು ದಪ್ಪ ಮಾಡುವ ಹಾರ್ಮೋನುಗಳ ಬಗ್ಗೆಯೂ ಯಾರಾದರೂ ಹೇಳಬಹುದು. ಫೋರ್‌ಕ್ಲೋರ್‌ಫೆನುರಾನ್ ಅಂಥದ್ದೊಂದು. 2011ರ ಮೇ ತಿಂಗಳಲ್ಲಿ ಚೀನಾದ ಜಿಯಾಂಗ್ಸು ಪ್ರಾಂತ್ಯದಲ್ಲಿ ಗದ್ದೆ ಗದ್ದೆಯ ಕಲ್ಲಂಗಡಿ ತಾನೇ ಒಡೆದು ಸುದ್ದಿಯಾಯಿತು. ತಡವಾಗಿ ಈ ಹಾರ್ಮೋನು ಹೊಡೆದಿದ್ದು, ಅದರ ಮೇಲೆ ಮಳೆ ಬಂದಿದ್ದು, ತೆಳು ಸಿಪ್ಪೆಯ ತಳಿ, ಇವೆಲ್ಲ ಕಾರಣ ಎಂದರು. ನಮ್ಮಲ್ಲೂ ಕೊಯ್ಲಿನ ಹೊತ್ತಿಗೇ ಮಳೆ ಬರುತ್ತದೆ. ಆ ದಾರಿಗೆ ಹೋಗಬೇಡಿ. ಸ್ಯಾಲಿಸಿಲಿಕ್ ಆಮ್ಲ, ಸಿಲಿಕಾನ್, ಪಾಚಿ ಗೊಬ್ಬರ ಇವೂ ಬಳಕೆಯಲ್ಲಿವೆ. ಪೊಟ್ಯಾಸಿಯಂ ಸಿಲಿಕೇಟಿನಿಂದ ಬೂದಿ ರೋಗ ಕಡಿಮೆಯಾಗುವುದು ನಿಜ. ಉಳಿದವುಗಳಿಗೆ ಖರ್ಚು ಮಾಡುವ ಮುಂಚೆ ಸುಣ್ಣ, ನೀರು, ಕಾಯಿ ಕೀಳುವುದು ಈ ಮೂರನ್ನು ಸರಿಮಾಡಿಕೊಳ್ಳಿ.

ತಳಿಯೂ ಮುಖ್ಯ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಾಜಹಂಸ ಸಾಗಣೆಗೆ, ಬಾಳಿಕೆಗೆ ಹೆಸರಾದ ತಳಿ. ಅದೇ ಸಂಸ್ಥೆಯ ಅರ್ಕಾ ಜೀತ್ ಇನ್ನೂ ಸಿಹಿ, ಆದರೆ ಸಣ್ಣ ಹಣ್ಣು. ಖಾಸಗಿ ಹೈಬ್ರಿಡ್‌ಗಳಲ್ಲಿ ಹೆಚ್ಚು ದಿನ ಬಾಳುವ ತಳಿಗಳಿಗೆ ಪರಿಮಳ ಸ್ವಲ್ಪ ಕಡಿಮೆ ಇರುವುದು ಸಾಮಾನ್ಯ. ಅದಕ್ಕೆ ಕಾರಣ ಇದೆ. ಮೆತ್ತಗಾಗಿಸುವ ಎಥಿಲೀನೇ ಪರಿಮಳವನ್ನೂ ಹುಟ್ಟಿಸುತ್ತದೆ. ಫ್ರಾನ್ಸಿನಲ್ಲಿ 1990ರ ದಶಕದಲ್ಲಿ ಎಥಿಲೀನ್ ಬಹುಪಾಲು ತಡೆದ ಕರಬೂಜ ಬೆಳೆಸಿ ನೋಡಿದ್ದರು. ಹಣ್ಣು ಗಟ್ಟಿಯಾಗಿ ಉಳಿಯಿತು, ಸಿಹಿಯೂ ಬಂತು, ಪರಿಮಳ ಮಾತ್ರ ಬಹಳ ಇಳಿಯಿತು. ಕಣ್ಣೂರಿಗೆ ಬಾಳಿಕೆಯ ತಳಿ, ಕುಶಾಲನಗರದ ಸಂತೆಗೆ ಘಮಘಮಿಸುವ ತಳಿ ಎಂದು ಎರಡು ಭಾಗ ಮಾಡಿಕೊಂಡರೂ ನಡೆಯುತ್ತದೆ.

ಕೊಯ್ಲಿನ ಹಂತವನ್ನು ಈ ಸಲ ಬದಲಿಸಿ. ತೊಟ್ಟಿನ ಬುಡದ ಸುತ್ತ ಸೀಳು ಅರ್ಧ ಬಂದಿದ್ದು, ಹೆಬ್ಬೆರಳಿನಿಂದ ಒತ್ತಿದರೆ ಬಿಟ್ಟುಕೊಳ್ಳುವ ಹಂತದ ಹಣ್ಣು ದೂರದ ಊರಿಗೆ ಸರಿ. ಮುಟ್ಟಿದರೆ ಕಳಚುವ ಹಣ್ಣು ಹತ್ತಿರದ ಮಾರುಕಟ್ಟೆಗೆ. ಕ್ರೇಟಿನಲ್ಲಿ ಇವೆರಡನ್ನು ಬೆರೆಸಬೇಡಿ. ಪೂರ್ತಿ ಮಾಗಿದ್ದು ಬಿಡುವ ಎಥಿಲೀನ್ ಪಕ್ಕದವನ್ನೂ ಮಾಗಿಸುತ್ತದೆ. ರಸದ ಸಿಹಿ ಅಳೆಯುವ ಒಂದು ಬ್ರಿಕ್ಸ್ ಮೀಟರ್ ಇಟ್ಟುಕೊಳ್ಳಿ. ಅಮೆರಿಕದ ದರ್ಜೆಯಲ್ಲಿ 9 ಬಂದರೆ ಉತ್ತಮ, 11 ಬಂದರೆ ಅತ್ಯುತ್ತಮ. 11ಕ್ಕಿಂತ ಕೆಳಗಿದ್ದರೆ ಒಂದೆರಡು ದಿನ ತಾಳಿ ಎನ್ನುವುದು ನನ್ನ ಸಲಹೆ. ರಸ ತೆಗೆಯುವಾಗ ಹಣ್ಣಿನ ನಡುಭಾಗದಿಂದ ತೆಗೆಯಿರಿ. ಹೂವಿನ ತುದಿಯ ಕಡೆ ಸಿಹಿ ಜಾಸ್ತಿ, ತೊಟ್ಟಿನ ಕಡೆ ಕಡಿಮೆ ಇರುತ್ತದೆ.

ಕೊಯ್ಯುವುದು ಬೆಳಗ್ಗೆ ಇಬ್ಬನಿ ಆರಿದ ಕೂಡಲೇ. ಕೊಡಗಿನ ತಂಪು ರಾತ್ರಿ ನಿಮಗೆ ಸಿಕ್ಕ ವರ, ಆ ತಂಪು ಹಣ್ಣಿನೊಳಗೆ ಇರುವಾಗಲೇ ನೆರಳಿಗೆ ತನ್ನಿ. ಕೋಲ್ಡ್ ಸ್ಟೋರೇಜ್ ಸಿಕ್ಕರೆ ಜಾಲರಿ ಕರಬೂಜಕ್ಕೆ 2ರಿಂದ 5 ಡಿಗ್ರಿ. ಅರ್ಧ ಸೀಳಿನ ಒಳ್ಳೆಯ ಹಣ್ಣು ಅಲ್ಲಿ ಎರಡು ವಾರ ಇರುತ್ತದೆ. ಅದೇ ಕೋಣೆಗೆ ಹನಿಡ್ಯೂ, ಕಲ್ಲಂಗಡಿ ಹಾಕಬೇಡಿ. ಹನಿಡ್ಯೂಗೆ 7ರಿಂದ 10, ಕಲ್ಲಂಗಡಿಗೆ 10ರಿಂದ 15 ಡಿಗ್ರಿ ಬೇಕು. ಅದಕ್ಕಿಂತ ತಣ್ಣಗಾದರೆ ಸಿಪ್ಪೆಯಲ್ಲಿ ಗುಳಿ ಬಿದ್ದು ಕೆಡುತ್ತವೆ.

ಈ ಸಲ ಒಂದು ಕೆಲಸ ಮಾಡಿ. ಎರಡು ಸಾಲುಗಳಿಗೆ ಕ್ಯಾಲ್ಸಿಯಂ, ಪೊಟ್ಯಾಷ್ ಸಿಂಪಡಿಸದೆ ಹಾಗೇ ಬಿಡಿ, ನೀರು ಮಾತ್ರ ಉಳಿದದ್ದರಂತೆಯೇ ಕೊಡಿ. ಕೊಯ್ದಾಗ ಆ ಸಾಲಿನ ಹತ್ತು, ಸಿಂಪಡಿಸಿದ ಸಾಲಿನ ಹತ್ತು ಹಣ್ಣಿಗೆ ಗುರುತು ಹಾಕಿ ಮನೆಯ ತಂಪು ಮೂಲೆಯಲ್ಲಿಡಿ. ಮೂರನೇ ದಿನ ಐದೈದು, ಆರನೇ ದಿನ ಉಳಿದ ಐದೈದು ಕತ್ತರಿಸಿ ಬ್ರಿಕ್ಸ್, ಗಟ್ಟಿತನ, ಬೂಜು ಬರೆದಿಟ್ಟುಕೊಳ್ಳಿ. ಆ ಲೆಕ್ಕ ಮತ್ತು ಮಣ್ಣು ಪರೀಕ್ಷೆಯ ವರದಿ ಕಳಿಸಿದರೆ ಮುಂದಿನ ವರ್ಷ ಸಿಂಪಡಣೆಗೆ ದುಡ್ಡು ಹಾಕಬೇಕೋ ಬೇಡವೋ ಎಂದು ನಿಮ್ಮ ಗದ್ದೆಯನ್ನೇ ನೋಡಿ ಹೇಳಬಹುದು.